ಹಿಂದಿನ ಚಾಪೆಯವರು

ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನನ್ನ ಕೆಲಸಕ್ಕೆ ಸರ್ಕಾರದವರು ಇಟ್ಟಿದ್ದ ಹೆಸರು ಏನೋ ಇತ್ತು. ಊರಿನವರು ಇಟ್ಟಿದ್ದು ‘ಕರೆಯೋಳು’ ಎಂದು. ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆದುಕೊಂಡು ಬರಬೇಕು, ಸಂಜೆ ಮತ್ತೆ ಮನೆಮನೆಗೆ ಬಿಟ್ಟು ಬರಬೇಕು. ಹೆಣ್ಣುಮಗು ಒಂಟಿಯಾಗಿ ಸ್ಕೂಲಿಗೆ ನಡೆದರೆ ಮಾನ ಹೋಗುತ್ತದೆ ಎಂದು ಆಗ ಎಲ್ಲರಿಗೂ ನಂಬಿಕೆ. ಅದೇ ಮಗು ಒಂಟಿಯಾಗಿ ಎಮ್ಮೆ ಹೊಡೆದುಕೊಂಡು ಕೆರೆಗೆ ಹೋದರೆ ಮಾನಕ್ಕೆ ಏನೂ ಆಗುತ್ತಿರಲಿಲ್ಲ.

ಹೊಸದಾಗಿ ಸೇರುವ ಉಪಾಧ್ಯಾಯಿನಿಯರಿಗೆ ಉಪಯೋಗವಾಗುತ್ತದೆ, ನಿಮ್ಮ ಅನುಭವ ಬರೆದುಕೊಡಿ ಎಂದು ಈಗಿನ ಹೆಡ್‌ಮಿಸ್ಟ್ರೆಸ್ ಕೇಳಿದರು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಬರೆಯುವುದು ನಿಧಾನ, ಆದ್ದರಿಂದ ಬೇಡದ್ದನ್ನು ಬರೆಯುವ ಶಕ್ತಿ ಇಲ್ಲ. ಸಂಬಳ ಯಾವಾಗ ಏರಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿ ಬರುವುದಿಲ್ಲ. ಶಾಲು ಯಾರೂ ಹೊದಿಸಲಿಲ್ಲ.

ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಕಡೂರಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿದ್ದವರು ಒಬ್ಬ ವಯಸ್ಸಾದ ಮೇಷ್ಟ್ರು. ಅವರು ಮೂರು ಕೆಲಸ ಹೇಳಿದರು: ಹುಡುಗಿಯರನ್ನು ಕರೆದು ತರುವುದು, ಕಸ ಗುಡಿಸುವುದು, ಹಿಂದಿನ ಚಾಪೆ ನೋಡಿಕೊಳ್ಳುವುದು. ಹಿಂದಿನ ಚಾಪೆ ಎಂದರೆ ಗೋಡೆಗೆ ಒತ್ತಿ ಹಾಸಿದ ಈಚಲ ಚಾಪೆ. ಅಕ್ಷರ ಹತ್ತದ ಮಕ್ಕಳನ್ನು ಅಲ್ಲಿ ಕೂರಿಸುತ್ತಿದ್ದರು. ಅಲ್ಲಿ ಕೂತ ಮಗು ಮತ್ತೆ ಮುಂದಕ್ಕೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಅವರ ಮುಂದೆ ಮರಳು ಹರಡಿ, ತೋರುಬೆರಳು ಹಿಡಿದು ಅಕ್ಷರ ತಿದ್ದಿಸುವುದು ನನ್ನ ಪಾಲಿಗೆ ಬಂತು.

“ಕಲಿಸೋದೇನೂ ಬೇಡ ನಿಂಗಮ್ಮ,” ಎಂದರು ಮೇಷ್ಟ್ರು. “ಗಲಾಟೆ ಮಾಡ್ದಂಗೆ ನೋಡ್ಕೊ, ಸಾಕು.”

ಮಂಕು ಬಿಡಿಸಲು ಒಂದೆಲಗದ ಸೊಪ್ಪು ಒಳ್ಳೆಯದೆಂದು ಮೇಷ್ಟ್ರ ನಂಬಿಕೆ. ಕೆರೆ ಏರಿಯ ಕೆಳಗೆ ಅದು ಬೇಕಾದಷ್ಟು ಬೆಳೆಯುತ್ತಿತ್ತು. ಬೆಳಿಗ್ಗೆ ಕಿತ್ತು ತಂದು, ಚಟ್ನಿ ಅರೆದು, ಹಿಂದಿನ ಚಾಪೆಯವರಿಗೆಲ್ಲ ಒಂದೊಂದು ಉಂಡೆ ಕೊಡುತ್ತಿದ್ದೆ. ಒಂದು ಮಳೆಗಾಲ ಪೂರ್ತಿ ತಿನ್ನಿಸಿದೆ. ಯಾರಿಗೂ ಅಕ್ಷರ ಬರಲಿಲ್ಲ. ಹಸಿವು ಚೆನ್ನಾಗಿ ಆಗುತ್ತಿತ್ತು. ಚಟ್ನಿಯ ಆಸೆಗೆ ಮುಂದಿನ ಚಾಪೆಯಿಂದಲೂ ಇಬ್ಬರು ದಡ್ಡರಾಗಿ ಹಿಂದಕ್ಕೆ ಬಂದರು.

ಆ ಸೊಪ್ಪಿನಿಂದ ಆದ ಒಂದೇ ಉಪಕಾರ ಎಂದರೆ ತಿಮ್ಮಿಯ ವಿಷಯ ಗೊತ್ತಾಗಿದ್ದು. ಈ ತಿಮ್ಮಿ ಎಂಬ ಹುಡುಗಿ ಉಂಡೆಯನ್ನು ಬಾಯಿಗೆ ಹಾಕುವ ಮೊದಲು ಮೂಗಿನ ತುದಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಕಲ್ಲು ತೆಗೆಯುತ್ತಿದ್ದಳು. ಉಳಿದವರು ಕಲ್ಲು ಹಲ್ಲಿಗೆ ಸಿಕ್ಕ ಮೇಲೆ ಉಗಿಯುತ್ತಿದ್ದರು.

“ಯಾಕೇ, ಉಂಡೆಗೆ ಮುತ್ತು ಕೊಡ್ತಿದೀಯಾ?” ಎಂದೆ.

“ದೂರ ಹಿಡಿದ್ರೆ ಉಂಡೆ ಎಲ್ಲೈತೆ ಅಂತ್ಲೇ ಕಾಣಲ್ಲ ನಿಂಗಕ್ಕ,” ಎಂದಳು.

ಕೈಯಲ್ಲಿರುವ ಉಂಡೆ ಕಾಣದವಳಿಗೆ ಗೋಡೆಯ ಮೇಲಿನ ಕಪ್ಪುಹಲಗೆ ಕಂಡೀತೇ? ಕಣ್ಣು ಕಾಣದವಳನ್ನು ದಡ್ಡಿ ಎಂದು ಇನ್ನಷ್ಟು ದೂರ ಕೂರಿಸಿದ್ದೆವು. ಹಲಗೆಯ ಬುಡಕ್ಕೆ ತಂದು ಕೂರಿಸಿದ ಮೇಲೆ ಅವಳು ಕಲಿತಳು. ಮೇಷ್ಟ್ರು ಅದನ್ನು ಒಂದೆಲಗದ ಲೆಕ್ಕಕ್ಕೆ ಬರೆದುಕೊಂಡರು.

ಸಾವಿತ್ರಿ ಎಂಬ ಇನ್ನೊಂದು ಹುಡುಗಿ ಎಡಚಿ. ಅವಳ ತಾಯಿ ಎಡಗೈಯನ್ನು ಸೆರಗಿನ ಚೂರಿನಿಂದ ಸೊಂಟಕ್ಕೆ ಕಟ್ಟಿ ಕಳಿಸುತ್ತಿದ್ದಳು. ಬಲಗೈಯಲ್ಲಿ ಅವಳು ಬರೆದ ಅಕ್ಷರ ಕೋಳಿ ಕೆದಕಿದ ಹಾಗಿರುತ್ತಿತ್ತು. ಸ್ಕೂಲಿನ ಬಾಗಿಲಲ್ಲಿ ನಾನು ಕಟ್ಟು ಬಿಚ್ಚುತ್ತಿದ್ದೆ, ಸಂಜೆ ಕಟ್ಟಿ ಕಳಿಸುತ್ತಿದ್ದೆ. ಒಂದು ದಿನ ತಾಯಿ ನಡುವೆ ಬಂದು ನೋಡಿಬಿಟ್ಟಳು.

“ಎಡಗೈಲಿ ಬರದ್ರೆ ಸರಸ್ವತಿ ಒಲೀತಾಳಾ?”

“ಪಟ ನೋಡವ್ವ,” ಎಂದು ಗೋಡೆ ತೋರಿಸಿದೆ. “ವೀಣೆ ಬಾರಿಸೋಕೆ ಅವಳೇ ಎರಡೂ ಕೈ ಇಟ್ಕೊಂಡವ್ಳೆ.”

ತಾಯಿ ಪಟವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ಊಟ ಮಾತ್ರ ಬಲಗೈಲಿ,” ಎಂದು ಹೊರಟಳು. ಅದು ನ್ಯಾಯವಾದ ಮಾತು, ನಾನೂ ಒಪ್ಪಿದೆ.

ಕಡೂರಿನಿಂದ ನಾನು ಕಲಿತಿದ್ದು ಇಷ್ಟು: ಮಗುವಿಗೆ ಓದು ಬರುವುದಿಲ್ಲ ಎಂದರೆ ಮೊದಲು ಕಣ್ಣು ನೋಡಬೇಕು, ಆಮೇಲೆ ಕೈ. ಇಷ್ಟಕ್ಕೆ ಎಲ್ಲ ಗೊತ್ತಾಯಿತು ಎಂದುಕೊಂಡಿದ್ದೆ. ಅಜ್ಜಂಪುರಕ್ಕೆ ವರ್ಗವಾಯಿತು.

ಅಜ್ಜಂಪುರದ ಹೆಡ್‌ಮಿಸ್ಟ್ರೆಸ್ ಸೀತಾಬಾಯಿಯವರು. ಮೈಸೂರಿನಲ್ಲಿ ತರಬೇತಿ ಆದವರು, ಪುಸ್ತಕದಲ್ಲಿ ಬರೆದ ಹಾಗೆ ಮಾತಾಡುವವರು. ಒಂಬತ್ತು ವರ್ಷಕ್ಕೆ ಮದುವೆಯಾಗಿ ಹನ್ನೊಂದಕ್ಕೆ ವಿಧವೆಯಾದವರು ಎಂದು ಊರೆಲ್ಲ ಹೇಳುತ್ತಿತ್ತು, ಅವರು ಹೇಳುತ್ತಿರಲಿಲ್ಲ. ಮೊದಲ ದಿನವೇ ನನ್ನ ಕೈಯಲ್ಲಿದ್ದ ಬೆತ್ತ ಇಸಿದುಕೊಂಡು ಬಟ್ಟೆ ಒಣಹಾಕುವ ಗಳುವಿಗೆ ಆಸರೆ ಕಟ್ಟಿದರು. ನನಗೆ ಅವರು ಹಿಡಿಸಲಿಲ್ಲ. ಅವರ ಕೆಲಸ ಹಿಡಿಸಿತು. ಎರಡೂ ಒಟ್ಟಿಗೆ ಆಗಬೇಕೆಂದೇನಿಲ್ಲ.

ಅಲ್ಲಿ ಹಿಂದಿನ ಚಾಪೆಯಲ್ಲಿ ಈರಿ ಎಂಬ ಕುಂಬಾರರ ಹುಡುಗಿ ಇದ್ದಳು. ಹುಟ್ಟು ಕಿವುಡಿ, ಮಾತಿಲ್ಲ. ಮನೆಯಲ್ಲಿದ್ದರೆ ಹಸಿ ಮಡಕೆ ಮುಟ್ಟುತ್ತಾಳೆ ಎಂದು ಕಳಿಸಿದ್ದರು. ಕಾಗುಣಿತವನ್ನು ಎಷ್ಟು ಗಟ್ಟಿಯಾಗಿ ಕೂಗಿದರೂ ಅವಳಿಗೆ ಅಷ್ಟೇ. ಸೀತಾಬಾಯಿಯವರು ಕೂಗುವುದನ್ನು ನಿಲ್ಲಿಸಿ, ಚೊಂಬಿನ ಮೇಲೆ ಸುಣ್ಣದಲ್ಲಿ ‘ಚೊಂಬು’ ಎಂದು, ಮಣೆಯ ಮೇಲೆ ‘ಮಣೆ’ ಎಂದು ಬರೆದರು. ಆಮೇಲೆ ಸ್ಲೇಟಿನಲ್ಲಿ ಬರೆದು ತೋರಿಸಿದರೆ ಈರಿ ಓಡಿಹೋಗಿ ಆ ಸಾಮಾನು ತರಬೇಕು. ವಾರಗಟ್ಟಲೆ ಏನು ತೋರಿಸಿದರೂ ಚೊಂಬನ್ನೇ ತಂದಳು. ಒಂದು ದಿನ ಮಣೆ ತಂದಳು. ಅವತ್ತಿನಿಂದ ಸ್ಕೂಲಿನ ಸಾಮಾನು ಯಾವುದೂ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ.

ಮುಂದಿನ ಚಾಪೆಯ ರಾಣಿ ಎಂದರೆ ಹಾಲಮ್ಮ. ಶಿವನಿ ರಸ್ತೆಯಲ್ಲಿ ತೆಂಗಿನ ತೋಟ, ಹೊಲ ಇದ್ದ ಸಿದ್ದಪ್ಪನ ಮಗಳು. ಆಗಿನ ಪಾಠದ ಪದ್ಧತಿ ಹೀಗಿತ್ತು: ಒಬ್ಬಳು ಎದ್ದು ನಿಂತು ಪುಸ್ತಕ ಹಿಡಿದು ಒಂದು ಸಾಲು ಹೇಳಬೇಕು, ಉಳಿದವರೆಲ್ಲ ಒಟ್ಟಾಗಿ ಹೇಳಬೇಕು. ಹೇಳಿಕೊಡುವವಳು ಯಾವಾಗಲೂ ಹಾಲಮ್ಮ. ಎಲ್ಲಿಯೂ ತಡವರಿಸುತ್ತಿರಲಿಲ್ಲ, ಹಾಳೆ ತಿರುಗಿಸುವ ಜಾಗದಲ್ಲಿ ಸರಿಯಾಗಿ ತಿರುಗಿಸುತ್ತಿದ್ದಳು. ಸ್ಲೇಟಿನಲ್ಲಿ ನೋಡಿ ಬರೆ ಎಂದರೆ ರಂಗೋಲಿ ಹಾಕಿದ ಹಾಗೆ ಬರೆಯುತ್ತಿದ್ದಳು.

ಅವಳ ಅಪ್ಪನಿಗೆ ಇದೊಂದು ಹೆಮ್ಮೆ. ಸಿದ್ದಪ್ಪನ ಅಕ್ಕ ಪುಟ್ಟಮ್ಮ ತರೀಕೆರೆಯಲ್ಲಿದ್ದಳು. ಅವಳ ಮಗ ರುದ್ರಪ್ಪನಿಗೆ ಅಡಿಕೆ ಮಂಡಿ, ವಯಸ್ಸು ಮೂವತ್ತರ ಹತ್ತಿರ, ಮೊದಲ ಹೆಂಡತಿ ತೀರಿಕೊಂಡಿದ್ದಳು. ಪಕ್ಕದ ಮಂಡಿಯವರು ನಾಲ್ಕನೇ ಕ್ಲಾಸು ಪಾಸಾದ ಸೊಸೆ ತಂದಿದ್ದರು. ತನಗೂ ಪಾಸಾದ ಸೊಸೆಯೇ ಬೇಕೆಂದು ಪುಟ್ಟಮ್ಮ ಹಟ ಹಿಡಿದಳು. ತಮ್ಮನ ಮಗಳನ್ನು ಕೇಳಿದಳು. ಅಕ್ಕ ಕೇಳಿದರೆ ಇಲ್ಲ ಎನ್ನುವ ಪದ್ಧತಿ ಅವರಲ್ಲಿಲ್ಲ.

“ನಾಕನೇ ಕ್ಲಾಸು ಪಾಸಾಗ್ಲಿ ಕಣಕ್ಕ,” ಎಂದ ಸಿದ್ದಪ್ಪ. “ಪಾಸಾದ ವರ್ಷವೇ ಧಾರೆ ಎರೀತೀನಿ. ಪಾಸಾಗ್ದೆ ಕೊಟ್ರೆ ನಂಗೂ ಮರ್ವಾದೆ ಅಲ್ಲ, ನಿಂಗೂ ಅಲ್ಲ.”

ಮಾತು ಆಯಿತು, ಎಲೆ ಅಡಿಕೆ ಬದಲಾಯಿತು. ಹಾಲಮ್ಮ ಆಗ ಮೂರನೇ ಕ್ಲಾಸು ಮುಗಿಸಿದ್ದಳು. ವಯಸ್ಸು ಹತ್ತೋ ಹನ್ನೊಂದೋ. ಇಡೀ ಊರಿಗೆ ಇದು ಗೊತ್ತಿತ್ತು. ನಮಗೂ ಗೊತ್ತಿತ್ತು. ಒಳ್ಳೆಯ ಮಾತು, ಒಂದು ವರ್ಷ ಓದಾದರೂ ಮುಂದುವರಿಯಿತು ಎಂದುಕೊಂಡೆವು.

ಆ ವರ್ಷ ಇಲಾಖೆಯವರು ಪಾಠದ ಪುಸ್ತಕ ಬದಲಾಯಿಸಿದರು. ಹೊಸ ಪುಸ್ತಕದ ಮೊದಲ ಪಾಠವನ್ನು ಹೇಳಿಕೊಡಲು ಸೀತಾಬಾಯಿಯವರು ಹಾಲಮ್ಮನನ್ನು ಎಬ್ಬಿಸಿದರು. ಹಾಲಮ್ಮ ಪುಸ್ತಕ ತೆರೆದು ನಿಂತಳು. ಎಲ್ಲರೂ ಕಾದರು. ಅವಳೂ ಕಾದಳು.

“ಓದಮ್ಮ,” ಎಂದರು ಸೀತಾಬಾಯಿ.

“ಯಾರಾದ್ರೂ ಒಂದ್ಸಲ ಹೇಳ್ಬಿಡಿ. ಆಮೇಲೆ ಓದ್ತೀನಿ.”

ಹುಡುಗಿಯರು ನಕ್ಕರು. ಅವಳು ತಮಾಷೆಗೆ ಹೇಳಿದ್ದಲ್ಲ. ಓದುವುದು ಎಂದರೆ ಹಾಗೇ ಎಂದು ಅವಳು ತಿಳಿದಿದ್ದಳು: ಯಾರೋ ಹೇಳಿದ್ದನ್ನು ಕಿವಿಯಲ್ಲಿ ಹಿಡಿದು, ಪುಸ್ತಕವನ್ನು ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಹೇಳುವುದು. ಎಲ್ಲ ಕ್ಲಾಸಿಗೂ ಒಂದೇ ಕೋಣೆ, ಮೇಲಿನ ಕ್ಲಾಸಿನವರ ಪಾಠ ಅವಳ ಕಿವಿಗೆ ಒಂದು ವರ್ಷ ಮೊದಲೇ ಬಿದ್ದಿರುತ್ತಿತ್ತು. ಇಷ್ಟು ವರ್ಷ ಯಾರೂ ಬೇರೆ ರೀತಿ ಕೇಳಿರಲಿಲ್ಲ. ನಾವೆಲ್ಲ ಕಿವಿಯನ್ನೇ ಕಣ್ಣು ಎಂದುಕೊಂಡಿದ್ದೆವು. ಅಕ್ಷರ ಬಾರದವಳ ಬಾಯಿಯಿಂದ ಇಡೀ ಸ್ಕೂಲು ಓದು ಕಲಿತಿತ್ತು.

ಸೀತಾಬಾಯಿಯವರು ಬಯ್ಯಲಿಲ್ಲ. ಸಂಜೆ ಮಕ್ಕಳು ಹೋದ ಮೇಲೆ, “ನಿಂಗಮ್ಮ, ನಾಳೆಯಿಂದ ಹಾಲಮ್ಮ ನಿಮ್ಮ ಚಾಪೆಗೆ. ಮನೆಯಲ್ಲಿ ಹೇಳಬೇಡಿ. ವರ್ಷ ಮುಗಿಯುವುದರೊಳಗೆ ಅವಳು ಪಾಸಾಗಬೇಕು,” ಎಂದರು. ಪಾಸಾದರೆ ಏನಾಗುತ್ತದೆ ಎಂದು ಅವತ್ತು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಮಗುವಿಗೆ ಅಕ್ಷರ ಬರುವುದಿಲ್ಲ, ಬರಿಸಬೇಕು. ಕೆಲಸದವರ ತಲೆ ಹಾಗೇ ಓಡುತ್ತದೆ.

ಹಾಲಮ್ಮ ಹಿಂದಿನ ಚಾಪೆಗೆ ಬಂದು ಎರಡು ದಿನ ಅತ್ತಳು. ಮೂರನೇ ದಿನ ಈರಿ ಅವಳಿಗೆ ಸಮಾಧಾನ ಮಾಡಲು ಸ್ಕೂಲಿನಲ್ಲಿದ್ದ ಚೊಂಬುಗಳನ್ನೆಲ್ಲ ತಂದು ಮುಂದಿಟ್ಟಳು. ಅಳು ನಿಂತಿತು.

ಅವಳ ತೊಂದರೆ ಬೇರೆಯವರ ಹಾಗಿರಲಿಲ್ಲ. ಕಣ್ಣು ಹದ್ದಿನದು. ಕಿವಿಯ ವಿಷಯ ಹೇಳಿದೆನಲ್ಲ. ಬುದ್ಧಿ ನಮಗಿಂತ ಚುರುಕು. ಒಂಟಿ ಅಕ್ಷರ ಬರೆದರೆ ಹೇಗೋ ಗುರುತಿಸುತ್ತಿದ್ದಳು. ಸಾಲಿನಲ್ಲಿ ಬಂದರೆ ಕೆಟ್ಟಿತು. ಮ, ವ, ಪ, ಷ ಅವಳಿಗೆ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ, ಯಾರನ್ನು ಕರೆದರೂ ಇನ್ಯಾರೋ ಬರುತ್ತಿದ್ದರು.

“ಒಂದನ್ನ ನೋಡೋ ಹೊತ್ಗೆ ಪಕ್ಕದ್ದು ಮಧ್ಯೆ ಬಾಯಿ ಹಾಕ್ತದೆ ನಿಂಗಕ್ಕ,” ಎನ್ನುತ್ತಿದ್ದಳು.

ಹಾಗಾದರೆ ಪಕ್ಕದ್ದರ ಬಾಯಿ ಮುಚ್ಚಿಸೋಣ ಎಂದು ಸೀತಾಬಾಯಿಯವರು ಕಾಗದದಲ್ಲಿ ಒಂದು ಕಿಂಡಿ ಕೊಯ್ದು ಸಾಲಿನ ಮೇಲಿಟ್ಟರು. ಕಿಂಡಿಯಲ್ಲಿ ಒಂದೇ ಪದ ಕಾಣುತ್ತಿತ್ತು. ಕಾಗದ ಎರಡು ದಿನಕ್ಕೆ ಹರಿಯಿತು. ನಾನು ಅಡಿಕೆ ಹಾಳೆಯಲ್ಲಿ ಕೊಯ್ದು ಕೊಟ್ಟೆ, ಅದು ಬಾಳಿತು. ಅಕ್ಷರವನ್ನು ಹುಣಸೆ ಬೀಜದಲ್ಲಿ ಜೋಡಿಸಿ, ಕಣ್ಣು ಮುಚ್ಚಿಸಿ, ಬೆರಳಲ್ಲಿ ಸವರಿಸುತ್ತಿದ್ದೆವು. ಕಣ್ಣಿಗೆ ಮೋಸವಾದರೂ ಬೆರಳಿಗೆ ಮೋಸವಾಗುತ್ತಿರಲಿಲ್ಲ. ಇದು ಸೀತಾಬಾಯಿಯವರ ಯೋಚನೆ. ಮೈಸೂರಿನಲ್ಲಿ ಹೇಳಿಕೊಟ್ಟದ್ದೋ, ಅವರಿಗೇ ಹೊಳೆದದ್ದೋ ಕೇಳಲಿಲ್ಲ. ಮೊದಮೊದಲು, “ಬೀಜ ಜೋಡಿಸಿ ಓದು ಬರೋದಾದ್ರೆ ಹುಣಸೆ ಮರವೇ ಪಂಡಿತ ಆಗ್ಬೇಕಿತ್ತು,” ಎಂದು ನಾನು ಗೊಣಗಿದ್ದುಂಟು. ನಾನು ಗೊಣಗಿದ್ದಕ್ಕೆಲ್ಲ ಅರ್ಥವಿರುತ್ತಿರಲಿಲ್ಲ.

ಮಳೆಗಾಲ ಕಳೆಯಿತು. ಒಂದು ದಿನ ಎರಡು ಪದ ಬಂದರೆ ಮರುದಿನ ಮೂರು ಹೋಗುತ್ತಿದ್ದವು. ಹಾಲಮ್ಮನ ತಾಯಿಗೆ ಹೇಗೋ ಸುಳಿವು ಸಿಕ್ಕು, ಮಗಳು ಪಾಸಾಗಲಿ ಎಂದು ಅಂತರಘಟ್ಟಮ್ಮನಿಗೆ ಹರಕೆ ಹೊತ್ತಳು. ಹಾಲಮ್ಮ ಮಾತ್ರ ಹಟ ಬಿಡಲಿಲ್ಲ. ಅವಳಿಗೆ ಮುಂದಿನ ಚಾಪೆಗೆ ಹೋಗಬೇಕಿತ್ತು. ಆಗ ಅವಳ ತಲೆಯಲ್ಲಿದ್ದುದು ಅಷ್ಟೇ, ತರೀಕೆರೆಯೂ ಇಲ್ಲ, ರುದ್ರಪ್ಪನೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳನ್ನು ಕರೆಯಲು ಹೋದಾಗ ಪುಟ್ಟಮ್ಮ ಬಂದಿದ್ದಳು. ಜಗಲಿಯ ಮೇಲೆ ಹೊಸ ಹಿತ್ತಾಳೆ ಬಿಂದಿಗೆ ಹೊಳೆಯುತ್ತಿತ್ತು.

“ನೋಡು ನಿಂಗಮ್ಮ, ಸೊಸೆಗೆ ತಂದೆ,” ಎಂದಳು. “ಹೆಸ್ರು ಕೊರೆಯೋನು ತರೀಕೆರೆಗೆ ಬಂದಿದ್ದ. ಮತ್ಯಾವಾಗ ಬತ್ತಾನೋ ಅಂತ ಈಗ್ಲೇ ಕೊರೆಸ್ಬಿಟ್ಟೆ.”

ಪಾತ್ರೆಯ ಕಂಠಕ್ಕೆ ಉಳಿಯಿಂದ ಚುಕ್ಕೆ ಹೊಡೆದು ಹೆಸರು ಬರೆಸುವುದು ನಮ್ಮ ಕಡೆ ವಾಡಿಕೆ, ಪಕ್ಕದ ಮನೆಗೆ ಹೋದ ಪಾತ್ರೆ ವಾಪಸು ಬರಲಿ ಎಂದು. ಹಾಲಮ್ಮ ಬಿಂದಿಗೆಯ ಮುಂದೆ ಕೂತು ಆ ಚುಕ್ಕೆಗಳ ಮೇಲೆ ಬೆರಳಿಟ್ಟಳು. ಅವು ಉಬ್ಬು ತಗ್ಗು, ಹುಣಸೆ ಬೀಜದ ಹಾಗೇ ಕೈಗೆ ಸಿಗುವಂಥವು. ಬೆರಳು ನಿಧಾನವಾಗಿ ಕಂಠವನ್ನು ಸುತ್ತಿತು. ತುಟಿ ಅಲ್ಲಾಡುತ್ತಿತ್ತು. ಯಾರೂ ಹೇಳಿಕೊಡದೆ, ಕಿವಿಯ ಸಹಾಯವಿಲ್ಲದೆ ಅವಳು ಪೂರ್ತಿ ಓದಿದ ಮೊದಲನೆಯ ಬರಹ ಅದು: ತರೀಕೆರೆ ರುದ್ರಪ್ಪನ ಹೆಂಡತಿ ಹಾಲಮ್ಮ.

ಬೆರಳು ಕೊನೆಗೆ ಬಂದು ನಿಂತಿತು. ಅಲ್ಲೇ ಇತ್ತು.

“ಏನ್ ಬರದೈತೆ ಓದೇ, ಕೇಳಾನ,” ಎಂದಳು ಪುಟ್ಟಮ್ಮ.

“ಗೊತ್ತಾಗ್ತಿಲ್ಲ ಅತ್ತೆ.”

“ನಾಕನೇ ಕ್ಲಾಸಿಗೆ ಬಂದು ನಿನ್ ಹೆಸ್ರೇ ಗೊತ್ತಾಗಲ್ವಾ?”

“ಕೊರೆದೋನು ಸರಿಯಾಗಿ ಕೊರೆದಿಲ್ವೇನೋ,” ಎಂದೆ ನಾನು. ಪುಟ್ಟಮ್ಮನಿಗೂ ಓದಲು ಬರುತ್ತಿರಲಿಲ್ಲ, ಅದರಿಂದ ಮಾತು ಅಲ್ಲಿಗೆ ನಿಂತಿತು.

ದಾರಿಯಲ್ಲಿ ಬೇರೆ ಹುಡುಗಿಯರನ್ನು ಮುಂದೆ ಬಿಟ್ಟು ಕೇಳಿದೆ. “ಓದ್ದೆ ಅಲ್ವೇನೇ?”

“ಓದ್ದೆ.”

“ಮತ್ತೆ?”

“ಪಾಸಾದ್ರೆ ಆ ಬಿಂದಿಗೇಲಿ ನೀರು ಹೊರ್ಬೇಕಾಗ್ತದೆ ನಿಂಗಕ್ಕ.” ಸ್ವಲ್ಪ ದೂರ ನಡೆದು, “ರುದ್ರಪ್ಪ ಮಾವನಿಗೆ ಬಾಯಿ ತುಂಬ ಎಲೆ ಅಡಿಕೆ. ಮಾತಾಡಿದ್ರೆ ಮುಖದ ಮೇಲೆ ಬೀಳ್ತದೆ,” ಎಂದಳು. ಇನ್ನೂ ಸ್ವಲ್ಪ ದೂರ ಹೋಗಿ, “ಪಾಸಾಗ್ದಿದ್ರೆ ಏನ್ಮಾಡ್ತಾರೆ?” ಎಂದಳು.

“ಅದೇ ಕ್ಲಾಸಲ್ಲಿ ಕೂರಿಸ್ತಾರೆ.”

“ಎಷ್ಟು ವರ್ಷ?”

“ಅದು ನಿಮ್ಮತ್ತೆ ಎಷ್ಟು ವರ್ಷ ಕಾಯ್ತಾಳೆ ಅನ್ನೋದ್ರ ಮೇಲೆ.”

ನಾನು ಅವಳಿಗೆ ಹೀಗೆ ಮಾಡು ಎಂದು ಹೇಳಲಿಲ್ಲ, ಹಾಗೆ ಮಾಡಬೇಡ ಎಂದೂ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಅವತ್ತಿನಿಂದ ಕಣ್ಣು, ಕಿವಿ, ಕೈ ನೋಡಿದ ಮೇಲೆ ಮನೆಯನ್ನೂ ನೋಡುವುದು ಅಭ್ಯಾಸವಾಯಿತು. ಕಲಿತರೆ ಈ ಮಗುವಿಗೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ತರಬೇತಿಯಲ್ಲಿ ಇದನ್ನು ಹೇಳಿಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

ಬೇಸಿಗೆಗೆ ಮೊದಲು ಇನ್‌ಸ್ಪೆಕ್ಟರು ಬಂದರು. ನಾಲ್ಕನೇ ಕ್ಲಾಸಿನ ಪಾಸು ಫೇಲು ಅವರ ಕೈಯಲ್ಲಿ. ಸೀತಾಬಾಯಿಯವರು ಹಿಂದಿನ ವಾರವಷ್ಟೇ ಹಾಲಮ್ಮನ ಬಾಯಿಂದ ಅರ್ಧ ಪುಟ ಕೇಳಿದ್ದರು. ಬಿಂದಿಗೆಯ ವಿಷಯ ಅವರಿಗೆ ತಿಳಿಯದು. ಕಿಂಡಿಯ ಹಾಳೆ, ಹುಣಸೆ ಬೀಜ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಈ ಹುಡುಗಿ ಹೀಗಿದ್ದಳು, ಈಗ ಹೀಗಾಗಿದ್ದಾಳೆ ಎಂದು ಸಾಹೇಬರಿಗೆ ವಿವರಿಸಿದರು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿದ್ದು ಅವತ್ತೇ.

ಹಾಲಮ್ಮ ಎದ್ದು ಬಂದಳು. ಹಾಳೆಯನ್ನು ಸಾಲಿನ ಮೇಲಿಟ್ಟಳು. ಪದದಿಂದ ಪದಕ್ಕೆ ಸರಿಸುತ್ತ ಹೋದಳು. ಸಾಲಿನ ಕೊನೆಗೆ ಬಂದಾಗ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮುಂದಿನ ಸಾಲಿಗೆ ಇಳಿಸಿದಳು. ಹೀಗೆ ಇಡೀ ಪಾಠವನ್ನು ಬಾಯಿ ಬಿಡದೆ ಓದಿ ಮುಗಿಸಿದಳು. ಆಮೇಲೆ ತಲೆ ಎತ್ತಿ, “ಬರಲ್ಲ ಸ್ವಾಮಿ,” ಎಂದಳು.

“ಒಂದು ಪದವೂ?”

“ಒಂದೂ ಇಲ್ಲ.”

ಸಾಹೇಬರು ಒಂದು ಹುಣಸೆ ಬೀಜ ಎತ್ತಿ ನೋಡಿ ಕೆಳಗಿಟ್ಟರು. “ಇದನ್ನು ಸಾರಿಗೆ ಉಪಯೋಗಿಸುತ್ತಾರೆಂದು ತಿಳಿದಿದ್ದೆ,” ಎಂದರು. ಬೀಜ ಸಾರಿಗೆ ಹಾಕುವುದಿಲ್ಲ, ಹುಳಿ ಹಾಕುತ್ತಾರೆ. ಅದನ್ನು ತಿದ್ದುವ ಸಮಯ ಅದಾಗಿರಲಿಲ್ಲ. ಇಲಾಖೆಯ ಕಾಲ ಇಂಥ ಆಟಗಳಲ್ಲಿ ಹಾಳಾಗಬಾರದೆಂದು ಷರಾ ಬರೆದು ಹೋದರು.

ಸೀತಾಬಾಯಿಯವರು ಒಂದು ವಾರ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಹಾಲಮ್ಮನ ಹತ್ತಿರ ಅದೂ ಇಲ್ಲ.

ಮುಂದಿನ ವರ್ಷ ಅದೇ ಕ್ಲಾಸು, ಅದೇ ಚಾಪೆ. ಹಾಲಮ್ಮನಿಗೆ ಸುಮ್ಮನೆ ಕೂರುವುದು ಆಗದು. ಈರಿಗೆ ಕಲಿಸತೊಡಗಿದಳು. ಇವಳು ಸ್ಲೇಟಿನಲ್ಲಿ ‘ಪೊರಕೆ’ ಎಂದು ಬರೆಯುವಳು, ಅವಳು ಪೊರಕೆ ತರುವಳು. ‘ನಿಂಗಕ್ಕನ ಚಪ್ಪಲಿ’ ಎಂದು ಬರೆಯುವಳು, ನನ್ನ ಚಪ್ಪಲಿ ಬರುವುದು. ನಾನು ಬಾಗಿಲ ಕಡೆ ಒಂದು ಕಣ್ಣಿಟ್ಟಿರುತ್ತಿದ್ದೆ. ಒಂದು ದಿನ ಸೀತಾಬಾಯಿಯವರು ಕಿಟಕಿಯ ಹೊರಗೆ ನಿಂತಿದ್ದರು. ಕಿಟಕಿಯ ಯೋಚನೆ ನನಗೆ ಬಂದಿರಲಿಲ್ಲ.

ಸಂಜೆ ಕರೆದರು. “ನಿಂಗಮ್ಮ, ಹಾಲಮ್ಮ ಬರೆದದ್ದನ್ನು ಈರಮ್ಮ ಓದುತ್ತಾಳೆ.”

“ಹೌದಮ್ಮ.”

“ಹಾಲಮ್ಮನಿಗೆ ಅಕ್ಷರವೇ ಬಾರದೆಂದು ಸಾಹೇಬರು ಬರೆದಿದ್ದಾರೆ. ಹಾಗಾದರೆ ಅವಳು ಏನು ಬರೆಯುತ್ತಾಳೆ?”

“ಚಿತ್ರ ಇರ್ಬೋದು ಅಂದ್ಕೊಂಡಿದೀನಿ.”

ಅವರು ನನ್ನನ್ನೇ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಬಿಂದಿಗೆಯ ವಿಷಯ, ರುದ್ರಪ್ಪನ ವಿಷಯ, ದಾರಿಯಲ್ಲಿ ಆಡಿದ ಮಾತು ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಅವರು ಕಿಟಕಿಯ ಬಾಗಿಲು ಹಾಕಿ ಚಿಲಕ ಸೇರಿಸಿದರು.

“ಚಿತ್ರ ಚೆನ್ನಾಗಿ ಬರೆಯುತ್ತಾಳೆ,” ಎಂದರು. “ಹೆಚ್ಚು ಸ್ಲೇಟು ಬೇಕಾದರೆ ಕೇಳಿ.”

ಎರಡನೇ ವರ್ಷವೂ ಇನ್‌ಸ್ಪೆಕ್ಟರು ಬಂದರು, ಹಾಲಮ್ಮ ಬಾಯಿ ಬಿಡಲಿಲ್ಲ. ಈ ಸಲ ಸಾಹೇಬರಿಗೆ ಸಿಟ್ಟು ಬಂತು. “ಇಂಥವರನ್ನು ಇಟ್ಟುಕೊಂಡು ಪ್ರಯೋಜನವೇನು? ಹೆಸರು ಹೊಡೆದು ಮನೆಗೆ ಕಳಿಸಿ,” ಎಂದರು.

ಸ್ಕೂಲು ಬಿಡಿಸಿದರೆ ಪಾಸು ಎಂಬ ಮಾತೇ ಮುಗಿಯಿತು. ಪಾಸಾಗುವ ದಾರಿಯೇ ಇಲ್ಲ ಎಂದಮೇಲೆ ಸಿದ್ದಪ್ಪ ಇನ್ನು ಯಾವ ನೆಪ ಹೇಳಿ ಅಕ್ಕನನ್ನು ತಡೆಯುತ್ತಾನೆ? ಬಿಂದಿಗೆಗೆ ಹೆಸರು ಕೊರೆಸಿ ಆಗಿದೆ, ಹುಡುಗಿ ಹೇಗಿದ್ದಾಳೋ ಹಾಗೇ ತರೀಕೆರೆಗೆ ಹೋಗುತ್ತಾಳೆ. ಹಾಲಮ್ಮನಿಗೂ ಅದು ಹೊಳೆದಿರಬೇಕು. ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದಳು. ಓದಿದರೂ ಕೆಟ್ಟಳು, ಓದದಿದ್ದರೂ ಕೆಟ್ಟಳು. ಪುಸ್ತಕ ತೆರೆದು ಹಿಡಿದುಕೊಂಡು ಸೀತಾಬಾಯಿಯವರ ಮುಖ ನೋಡಿದಳು.

ಸೀತಾಬಾಯಿಯವರು ಅದೇ ಪುಸ್ತಕದ ಭಾಷೆಯಲ್ಲಿ ಹೇಳಿದರು: “ಸಾಹೇಬರ ಅಪ್ಪಣೆಯಂತೆ ಹೆಸರು ಹೊಡೆಯುತ್ತೇನೆ. ಇವಳನ್ನು ಬಿಟ್ಟರೆ ನಾಲ್ಕನೇ ಕ್ಲಾಸಿಗೆ ಬೇಕಾದಷ್ಟು ಹಾಜರಿ ಇರುವುದಿಲ್ಲ. ಕ್ಲಾಸನ್ನೇ ಮುಚ್ಚಬೇಕಾಗುತ್ತದೆ. ಮುಚ್ಚಿದ್ದಕ್ಕೆ ಕಾರಣ ಏನೆಂದು ಬರೆಯಲಿ ಎಂದು ತಾವೇ ಹೇಳಿಕೊಡಬೇಕು.”

ಸಾಹೇಬರು ಬಿಸಿಲು ಬಹಳ ಎಂದರು. ನಾನು ಮಜ್ಜಿಗೆ ತಂದೆ. ಹೆಸರು ಉಳಿಯಿತು. ಆ ವರ್ಷ ಸೀತಾಬಾಯಿಯವರ ಹೆಸರಿನ ಮುಂದೆ ಎರಡನೇ ಕೆಟ್ಟ ಷರಾ ಬಿತ್ತು. ಅದರಿಂದ ಅವರಿಗೆ ಏನೇನು ತಪ್ಪಿತು ಎಂದು ಅವರು ಹೇಳಲಿಲ್ಲ.

ಪುಟ್ಟಮ್ಮ ಸುದ್ದಿ ಕೇಳಿ ತರೀಕೆರೆಯಿಂದ ಗಾಡಿ ಕಟ್ಟಿಸಿಕೊಂಡು ಬಂದಳು. ನಾನು ಹಾಲಮ್ಮನನ್ನು ಬಿಡಲು ಹೋದಾಗ ಜಗಲಿಯಲ್ಲಿ ಜಗಳ ನಡೆದಿತ್ತು.

“ಮಂಕು ಹುಡುಗೀನ ನನ್ ಮಗನಿಗೆ ಕಟ್ಟಾಕೆ ಹೊಂಟಿದ್ದೇನೋ ಸಿದ್ದ?”

“ನಾನೇನ್ ಮಾಡ್ಲಿ ಅಕ್ಕ. ದಿನಾ ಹೋಗ್ತವ್ಳೆ, ಬತ್ತವ್ಳೆ.”

“ಎತ್ತೂ ದಿನಾ ಹೊಲಕ್ಕೆ ಹೋಗಿ ಬತ್ತದೆ. ಅದ್ಕೆ ಕ್ಲಾಸು ಐತಾ?” ನನ್ನ ಕಡೆ ತಿರುಗಿ, “ಏನವ್ವಾ, ನೀನ್ ಹೇಳು, ಇದಕ್ಕೆ ಓದು ಬರ್ತದಾ?” ಎಂದಳು.

“ಹಿಂದಿನ ಚಾಪೆಲಿ ಕೂತವ್ಳೆ,” ಎಂದೆ. ಅದು ನಿಜವೇ.

ಆ ವರ್ಷದ ಶ್ರಾವಣ ಕಳೆದು ರುದ್ರಪ್ಪನಿಗೆ ಬೀರೂರಿನ ಕಡೆಯಿಂದ ಹೆಣ್ಣು ತಂದರು. ನಾಲ್ಕನೇ ಕ್ಲಾಸು ಪಾಸಾದವಳು. ಸಿದ್ದಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಮದುವೆಗೆ ಹೋಗಿ ಉಂಡು ಬಂದ. ಆಮೇಲೆ ನಾನು ತರೀಕೆರೆಗೆ ವರ್ಗವಾದಾಗ ಆ ಹೆಣ್ಣನ್ನು ಮಂಡಿಯ ಹಿತ್ತಿಲಲ್ಲಿ ನೋಡುತ್ತಿದ್ದೆ. ಹದಿಮೂರೋ ಹದಿನಾಲ್ಕೋ, ಕಂಕುಳಲ್ಲಿ ಕೂಸು. ಅವಳಿಗೆ ಓದಲು ಬರುತ್ತಿತ್ತು, ಬರುವುದಿಲ್ಲ ಎನ್ನಲು ಯಾರೂ ಹೇಳಿಕೊಟ್ಟಿರಲಿಲ್ಲ.

ಮದುವೆಯಿಂದ ಬಂದ ಮರುದಿನ ಹಾಲಮ್ಮ ಬಂದವಳು ಹಿಂದಿನ ಚಾಪೆಯಲ್ಲಿ ಕೂರಲಿಲ್ಲ. ಸೀದಾ ಹೋಗಿ ಮುಂದಿನ ಚಾಪೆಯಲ್ಲಿ ಕೂತಳು. ಈರಿ ಎದ್ದು ಹೋಗಿ ಅವಳ ಪಕ್ಕ ಕೂತಳು. ಸೀತಾಬಾಯಿಯವರು ನೋಡಿಯೂ ನೋಡದ ಹಾಗೆ ಪಾಠ ಮುಂದುವರಿಸಿದರು.

ಇನ್‌ಸ್ಪೆಕ್ಟರು ಬಂದಾಗ ಹಾಲಮ್ಮನನ್ನು ಕರೆಯಲೇ ಇಲ್ಲ. ಅವಳೇ ಎದ್ದು ಬಂದು ನಿಂತಳು. ಸಾಹೇಬರು ನಿಟ್ಟುಸಿರು ಬಿಟ್ಟು, ಪುಸ್ತಕದ ಕೊನೆಯ ಕಡೆ, ಯಾವ ವರ್ಷವೂ ಮಾಡಿರದ ಪಾಠವೊಂದನ್ನು ತೆಗೆದು ಕೊಟ್ಟರು. ಹಾಲಮ್ಮ ಕಿಂಡಿಯ ಹಾಳೆ ಇಟ್ಟು ಓದಿದಳು. ಬೇಗ ಓದಲಿಲ್ಲ, ಅವಳಿಗೆ ಬೇಗ ಓದುವುದು ಎಂದೂ ಬರಲಿಲ್ಲ. ಪದ ಪದವಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಎರಡು ಕಡೆ ತಪ್ಪಿ, ತಾನೇ ತಿದ್ದಿಕೊಂಡು, ಕೊನೆಯವರೆಗೆ ಓದಿದಳು. ಸೀತಾಬಾಯಿಯವರು ಕಿಟಕಿಯ ಕಡೆ ನೋಡುತ್ತಿದ್ದರು. ಸಾಹೇಬರು ಹುಣಸೆ ಬೀಜ ಎಲ್ಲಿದೆ ಎಂದು ಕೇಳಿ, ಎರಡನ್ನು ಜೇಬಿಗೆ ಹಾಕಿಕೊಂಡರು.

ಸಂಜೆ ಅವಳನ್ನು ಬಿಡಲು ಹೋಗಿ ಸಿದ್ದಪ್ಪನಿಗೆ ನಾನೇ ಹೇಳಿದೆ, “ನಿನ್ ಮಗಳು ಪಾಸಾದ್ಲು ಕಣಪ್ಪ.”

ಅವನು ತೆಂಗಿನ ಗರಿ ಸೀಳುತ್ತಿದ್ದವನು ನಿಲ್ಲಿಸಿದ. ಮಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮಗಳನ್ನು ನೋಡಿದ.

“ಎರಡು ವರ್ಷ ಒಂದಕ್ಷರ ಬರ್ಲಿಲ್ಲ,” ಎಂದ. “ಈಗೆಂಗೆ ಬಂತೇ?”

“ಈ ವರ್ಷದ ಪಾಠ ಸುಲಭ ಇತ್ತು ಕಣಪ್ಪ,” ಎಂದು ಹಾಲಮ್ಮ ಒಳಗೆ ಹೋದಳು.

ಪುಸ್ತಕ ಅದೇ ಇತ್ತು.